ಭುಜ ನೋವು ಅಂದ ತಮ್ಮ, ಹೊಟ್ಟೆಯೊಳಗೆ ಒಡೆದಿದ್ದು ಗುಲ್ಮ (ಸ್ಪ್ಲೀನ್). ತಿಳಿದವರು ಹೇಳಿ

ಡೊಂಬಿವಲಿ ಅಕ್ಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ. ಆದದ್ದನ್ನೆಲ್ಲ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥ ಆಗುವುದಿಲ್ಲ.

ನನ್ನ ತಮ್ಮನಿಗೆ 27 ವರ್ಷ. ಊರು ಕುಂದಾಪುರದ ಹತ್ತಿರ. ನಾಲ್ಕು ವರ್ಷದಿಂದ ಡೊಂಬಿವಲಿಯಲ್ಲಿ ನಮ್ಮ ಜೊತೆಗೇ ಇದ್ದಾನೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಒಂದು ಕಟ್ಟಡದ ಸೈಟಿನಲ್ಲಿ ಸೂಪರ್‌ವೈಸರ್. ಗಟ್ಟಿ ಆಳು. ಒಂದು ದಿನ ಮಲಗಿದವನಲ್ಲ.

ಮಳೆ ಜೋರಾಗಿದ್ದ ವಾರದಲ್ಲಿ ಅವನಿಗೆ ಜ್ವರ ಬಂತು. ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಚಳಿ ಹಿಡಿಯುತ್ತಿತ್ತು. ಎರಡು ರಗ್ಗು ಹೊದೆಸಿದರೂ ಮಂಚ ಅಲುಗುವಷ್ಟು ನಡುಕ. ಆಮೇಲೆ ಮೈ ಕೆಂಡ. ಸಂಜೆಗೆ ಬೆವರು ಸುರಿದು ಬನಿಯನ್ ಹಿಂಡುವ ಹಾಗಾಗುತ್ತಿತ್ತು. ಮರುದಿನ ಏನೂ ಇಲ್ಲ, ಎದ್ದು ಕೂತು ಮೊಬೈಲ್ ನೋಡುತ್ತಿದ್ದ. ಅದರ ಮರುದಿನ ಮತ್ತೆ ಅದೇ ಹೊತ್ತಿಗೆ ಚಳಿ. ರಕ್ತ ಪರೀಕ್ಷೆ ಮಾಡಿಸಿದೆವು. ಮಲೇರಿಯಾ, ಅದರಲ್ಲಿ ವೈವ್ಯಾಕ್ಸ್ ಅನ್ನುವ ಬಗೆ ಅಂತ ಬಂತು. ಪ್ಲೇಟ್‌ಲೆಟ್ 68 ಸಾವಿರ.

ಅಲ್ಲಿಂದ ನಮ್ಮ ಮನೆಯಲ್ಲಿ ಪ್ಲೇಟ್‌ಲೆಟ್ ಬಿಟ್ಟು ಬೇರೆ ಮಾತೇ ಇರಲಿಲ್ಲ. ನಾನು ಪಪ್ಪಾಯಿ ಎಲೆ ಹುಡುಕಿಕೊಂಡು ಮೂರು ಸೊಸೈಟಿ ಸುತ್ತಿದೆ. ನಮ್ಮ ಯಜಮಾನರು ಕಿವಿ ಹಣ್ಣು ತಂದರು. ಊರಿಂದ ಅಮ್ಮ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕೇಳುತ್ತಿದ್ದದ್ದು ಒಂದೇ, "ಇವತ್ತು ಎಷ್ಟಾಯಿತು?" ಮಾತ್ರೆ ಶುರುವಾಗಿ ಮೂರನೇ ದಿನಕ್ಕೆ ಜ್ವರ ಬಿಟ್ಟಿತು. ಪ್ಲೇಟ್‌ಲೆಟ್ 90 ಸಾವಿರ ದಾಟಿತು. ಗೆದ್ದೆವು ಅಂದುಕೊಂಡೆ.

ಅವತ್ತು ರಾತ್ರಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟೆ. ಅವನಿಗೆ ಅದೆಂದರೆ ಪ್ರಾಣ. ಮೂರು ತುತ್ತು ತಿಂದು ಬಟ್ಟಲು ದೂಡಿದ. "ಹೊಟ್ಟೆ ತುಂಬಿತು ಅಕ್ಕಾ, ಇಲ್ಲಿ ಏನೋ ಒತ್ತಿದ ಹಾಗೆ" ಅಂತ ಎಡ ಪಕ್ಕೆಲುಬಿನ ಕೆಳಗೆ ಕೈ ಇಟ್ಟ. ಮಾತ್ರೆಯ ಗ್ಯಾಸ್ ಇರಬೇಕು ಅಂದೆ. ಒಂಬತ್ತರ ಹೊತ್ತಿಗೆ ಒಮ್ಮೆ ಜೋರಾಗಿ ಕೆಮ್ಮಿದ. ಮುಖ ಕಿವುಚಿದ. ಸ್ವಲ್ಪ ಹೊತ್ತಿಗೆ "ಅಕ್ಕಾ, ಎಡ ಭುಜ ನೋಯುತ್ತಿದೆ" ಅಂದ.

ನಾನು ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಂದೆ. ವಾರ ಪೂರ್ತಿ ಮಲಗಿದ್ದಾನೆ, ಉಳುಕಿರಬೇಕು ಅಂದುಕೊಂಡೆ. ಕೈ ಎತ್ತಿ ಇಳಿಸಿ ನೋಡಿದೆ. ಆರಾಮಾಗಿ ಎತ್ತಿದ. ಭುಜ ಒತ್ತಿ ನೋಡಿದೆ. ಒತ್ತಿದಲ್ಲಿ ನೋವಿಲ್ಲ ಅಂದ. ಆದರೂ ಭುಜದ ತುದಿಯಲ್ಲಿ ನೋವು ಇದೆ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಗೋಡೆಗೆ ದಿಂಬು ಇಟ್ಟು ಕೂರಿಸಿದೆ. ರಾತ್ರಿ ಒಂದರ ತನಕ ತಿಕ್ಕಿದೆ. ನನ್ನ ಅಂಗೈ ಬಿಸಿ ಇತ್ತು, ಅವನ ಚರ್ಮ ತಣ್ಣಗೆ ಇತ್ತು. ಎಣ್ಣೆ ಹಚ್ಚಿದ್ದಕ್ಕೆ ತಣ್ಣಗಾಗಿದೆ ಅಂದುಕೊಂಡೆ.

ಬೆಳಗಿನ ಜಾವ ನಾಲ್ಕಕ್ಕೆ ಬಾತ್‌ರೂಮಿನಲ್ಲಿ ಧೊಪ್ಪ ಅಂತ ಸದ್ದಾಯಿತು. ಬಿದ್ದಿದ್ದ. ಉಗುರು ಬೆಳ್ಳಗೆ, ತುಟಿ ಬೆಳ್ಳಗೆ. ನೀರು ನೀರು ಅನ್ನುತ್ತಿದ್ದ. ಹತ್ತಿರದ ನರ್ಸಿಂಗ್ ಹೋಮಿಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ನಾಡಿ 136. ಸೋನೋಗ್ರಫಿ ಮಾಡಿದವರು ಒಂದೇ ನಿಮಿಷದಲ್ಲಿ "ಪೋಟಾತ್ ರಕ್ತ ಆಹೆ", ಹೊಟ್ಟೆಯಲ್ಲಿ ರಕ್ತ ಇದೆ, ಅಂದರು. ಆ ನರ್ಸಿಂಗ್ ಹೋಮಿನಲ್ಲಿ ಕೊಡಲು ರಕ್ತ ಇರಲಿಲ್ಲ. ಎರಡೂ ಕೈಗೆ ಸಲೈನ್ ಹಾಕಿ 108 ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು "ಪಾಣಥರೀ ಫುಟಲೀ ಆಹೆ" ಅಂದರು. ಹದಿನೈದು ವರ್ಷದಿಂದ ಇಲ್ಲಿದ್ದೇನೆ, ಮರಾಠಿ ಚೆನ್ನಾಗಿಯೇ ಬರುತ್ತದೆ. ಆ ಶಬ್ದ ಮಾತ್ರ ಕೇಳಿರಲಿಲ್ಲ. ಏನು ಒಡೆದಿದೆ ಅಂತ ಗೊತ್ತಾಗದೆ ಸಹಿ ಹಾಕಿದೆ. ವಿಜಯಪುರದ ಕಡೆಯ ಒಬ್ಬ ನರ್ಸ್ ಬಂದು "ಗುಲ್ಮ ಅಕ್ಕಾರ, ಸ್ಪ್ಲೀನ್" ಅಂತ ಬಿಡಿಸಿ ಹೇಳಿದರು.

ನಮ್ಮ ಯಜಮಾನರು ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಆರು ಗಂಟೆಗೆ ದೋಸೆ ಕಾವಲಿ ಹಚ್ಚಬೇಕಾದ ಹುಡುಗರು ನಾಲ್ಕು ಜನ ರಕ್ತ ಕೊಡಲು ಬಂದು ನಿಂತಿದ್ದರು. ಅವರ ಋಣ ತೀರಿಸುವುದಕ್ಕೆ ಆಗುವುದಿಲ್ಲ. ಹೊಟ್ಟೆಯಲ್ಲಿ ಎರಡು ಲೀಟರ್ ರಕ್ತ ಇತ್ತಂತೆ. ಗುಲ್ಮ ಪೂರ್ತಿ ತೆಗೆದರು. ತೆಗೆದದ್ದರ ತೂಕ 520 ಗ್ರಾಂ ಅಂತ ರಿಪೋರ್ಟಿನಲ್ಲಿದೆ.

ಇವತ್ತು ಆಪರೇಷನ್ ಆಗಿ 12ನೇ ದಿನ. ಮನೆಗೆ ಬಂದಿದ್ದಾನೆ, ನಿಧಾನ ಓಡಾಡುತ್ತಾನೆ. ನನಗೆ ಮಾತ್ರ ನಿದ್ದೆ ಇಲ್ಲ. ನಾಲ್ಕು ಗಂಟೆ ಹೊತ್ತು ನಾನು ತಿಕ್ಕಿದೆನಲ್ಲ, ಅದರಿಂದ ಒಡೆಯಿತಾ? ಭುಜಕ್ಕೂ ಹೊಟ್ಟೆಗೂ ಏನು ಸಂಬಂಧ? ಗುಲ್ಮ ಇಲ್ಲದೆ ಮನುಷ್ಯ ಬದುಕಬಹುದಾ? ಡಿಸ್ಚಾರ್ಜ್ ಕಾರ್ಡಿನಲ್ಲಿ ಪ್ರೈಮಾಕ್ವಿನ್ 14 ದಿನ ಅಂತಿದೆ, ಲಸಿಕೆ ಅಂತಿದೆ. ಜ್ವರ ಹೋಗಿದೆಯಲ್ಲ, ಮತ್ತೆ ಯಾಕೆ ಮಾತ್ರೆ ಅಂತ ಅಮ್ಮ ಕೇಳುತ್ತಾರೆ. ಊರಿಗೆ ಕಳಿಸು ಅಂತಲೂ ಹೇಳುತ್ತಿದ್ದಾರೆ. ಡಾಕ್ಟರ ಮೇಲೆ ನನ್ನ ದೂರು ಏನೂ ಇಲ್ಲ. ಆದರೆ ಅಲ್ಲಿ ಕೇಳಲು ಬಾಯಿ ಬರಲಿಲ್ಲ.


ವಾಶಿ ಸಿಸ್ಟರ್:

ತಂಗೀ, ಮೊದಲು ನಿಮ್ಮ ಮೊದಲನೇ ಪ್ರಶ್ನೆಗೆ ಉತ್ತರ. ಇಲ್ಲ. ನೀವು ಭುಜ ತಿಕ್ಕಿದ್ದರಿಂದ ಗುಲ್ಮ ಒಡೆಯಲಿಲ್ಲ. ಭುಜ ನೋಯುವುದಕ್ಕೆ ಶುರುವಾಗುವ ಮೊದಲೇ ಅದು ಒಡೆದಾಗಿತ್ತು. ಇವತ್ತು ಇದೊಂದನ್ನು ನಂಬಿ ಮಲಗಿ. ಉಳಿದದ್ದನ್ನು ನಾಳೆ ಓದಿದರೂ ಆಯಿತು.

ನಾನು ಶಿರಸಿ ಕಡೆಯವಳು. ಮುಂಬೈಯ ಸರ್ಜಿಕಲ್ ವಾರ್ಡುಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಮಳೆಗಾಲದಲ್ಲಿ ಇಂಥ ಕೇಸು ನೋಡಿದ್ದೇನೆ. ತೀರಾ ಅಪರೂಪ, ಆದರೆ ಒಮ್ಮೆ ನೋಡಿದವರು ಮರೆಯುವುದಿಲ್ಲ.

ಗುಲ್ಮ ಎಡಗಡೆ, 9ರಿಂದ 11ನೇ ಪಕ್ಕೆಲುಬಿನ ಹಿಂದೆ ಅಡಗಿರುತ್ತದೆ. ಆರೋಗ್ಯವಂತರಲ್ಲಿ ಮುಷ್ಟಿಯಷ್ಟು ದೊಡ್ಡದು, ಸುಮಾರು 150 ಗ್ರಾಂ. ನಿಮ್ಮ ತಮ್ಮನದು 520 ಅಂದಿರಿ. ಮಲೇರಿಯಾ ಹುಳು ಹೊಕ್ಕ ಕೆಂಪು ಕಣಗಳನ್ನು ಸೋಸಿ ತೆಗೆಯುವುದು ಇದರ ಕೆಲಸ. ಸೋಸಿ ಸೋಸಿ ಕೆಲವೇ ದಿನದಲ್ಲಿ ಊದಿಕೊಳ್ಳುತ್ತದೆ. ಅದರ ಮೇಲೆ ಒಂದು ತೆಳು ಹೊದಿಕೆ ಇದೆ. ಒಳಗಿನದು ಬೆಳೆದಷ್ಟು ಬೇಗ ಹೊದಿಕೆ ಬೆಳೆಯುವುದಿಲ್ಲ. ಅಕಾಲದ ಮಳೆಗೆ ಸಿಕ್ಕ ದಾಳಿಂಬೆ ಗಿಡದಲ್ಲೇ ಬಿರಿಯುತ್ತದಲ್ಲ, ಹಾಗೆ. ಪದೇ ಪದೇ ಮಲೇರಿಯಾ ಬಂದವರ ಗುಲ್ಮ ವರ್ಷಗಟ್ಟಲೆ ನಿಧಾನ ಬೆಳೆದು ಹೊದಿಕೆ ದಪ್ಪಗಾಗಿರುತ್ತದೆ. ಮೊದಲ ಸಲ ಬಂದ ನಿಮ್ಮ ತಮ್ಮನಂಥ ಗಟ್ಟಿ ಹುಡುಗರಲ್ಲೇ ಒಡೆಯುವ ಭಯ ಜಾಸ್ತಿ. ಅದರಲ್ಲೂ ವೈವ್ಯಾಕ್ಸ್‌ನಲ್ಲಿ. ಜ್ವರ ಬಿಟ್ಟ ಮೇಲೂ ಊತ ತಕ್ಷಣ ಇಳಿಯುವುದಿಲ್ಲ. ಆಗ ಒಂದು ಕೆಮ್ಮು, ಒಂದು ಸೀನು, ವಾಂತಿ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದು, ಇಷ್ಟೇ ಸಾಕು. ಏನೂ ಇಲ್ಲದೆಯೂ ಒಡೆಯಬಹುದು. ಮೂರು ತುತ್ತಿಗೆ ಹೊಟ್ಟೆ ತುಂಬಿತು ಅಂದನಲ್ಲ, ಅದು ಗ್ಯಾಸ್ ಇರಲಿಕ್ಕಿಲ್ಲ. ಊದಿದ ಗುಲ್ಮ ಪಕ್ಕದ ಜಠರವನ್ನು ಒತ್ತುತ್ತಿತ್ತು.

ಇನ್ನು ಭುಜ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಮಾಂಸದ ಪರದೆ ಇದೆ. ನಾವು ಉಸಿರಾಡುವುದು ಅದರಿಂದ. ಅದಕ್ಕೆ ಹೋಗುವ ನರ ಹುಟ್ಟುವುದು ಕುತ್ತಿಗೆಯಲ್ಲಿ. ಭುಜದ ತುದಿಯ ಚರ್ಮದ ಸುದ್ದಿಯೂ ಕುತ್ತಿಗೆಯ ಅದೇ ಬೇರುಗಳಿಗೆ ಬಂದು ಸೇರುತ್ತದೆ. ರಕ್ತ ಹೋಗಿ ವಪೆಯ ಕೆಳಗೆ ನಿಂತು ಕೆರಳಿಸಿದಾಗ ಸುದ್ದಿ ಎಲ್ಲಿಂದ ಬಂತು ಅಂತ ಮಿದುಳಿಗೆ ಗೊತ್ತಾಗುವುದಿಲ್ಲ, ಭುಜ ನೋಯುತ್ತಿದೆ ಅಂದುಕೊಳ್ಳುತ್ತದೆ. ಮಲಗಿದರೆ ರಕ್ತ ಆ ಕಡೆ ಹರಿಯುತ್ತದೆ, ಅದಕ್ಕೇ ನೋವು ಜಾಸ್ತಿ. ಇದಕ್ಕೆ ಕೇರ್ ಚಿಹ್ನೆ ಅಂತಾರೆ. ಹಾನ್ಸ್ ಕೇರ್ ಅನ್ನುವ ಜರ್ಮನಿಯ ಸರ್ಜನ್ ಹೆಸರು ಅದು. ನೀವು ಕೈ ಎತ್ತಿಸಿ ನೋಡಿದಿರಿ, ಒತ್ತಿ ನೋಡಿದಿರಿ, ಎರಡರಲ್ಲೂ ನೋವಿರಲಿಲ್ಲ. ಡಾಕ್ಟರೂ ಅದನ್ನೇ ಮಾಡಿ ನೋಡುವುದು ತಂಗೀ. ಭುಜದ್ದೇ ನೋವಾದರೆ ಭುಜ ಅಲ್ಲಾಡಿಸಿದಾಗ ನೋಯಬೇಕು. ನೀವು ನೋಡಿದ್ದು ಸರಿಯಾಗಿಯೇ ಇತ್ತು, ಅದರ ಅರ್ಥ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಚರ್ಮ ತಣ್ಣಗಿತ್ತು ಅಂದಿರಿ. ದೊಡ್ಡವರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತ. ಒಳಗೆ ಸೋರಿದಾಗ ದೇಹ ಮೊದಲು ಕೈಕಾಲು, ಚರ್ಮದ ರಕ್ತನಾಳ ಬಿಗಿ ಹಿಡಿದು ಹೃದಯ, ಮಿದುಳಿಗೆ ರಕ್ತ ಉಳಿಸುತ್ತದೆ. ಅದಕ್ಕೆ ತಣ್ಣನೆ ಬೆವರು, ಬಿಳಿ ಉಗುರು, ಓಡುವ ನಾಡಿ, ಬಾಯಾರಿಕೆ. ಪ್ರಾಯದವರಲ್ಲಿ ಬಿಪಿ ತುಂಬ ಹೊತ್ತು ಸರಿಯಾಗಿಯೇ ಇರುತ್ತದೆ. ಒಂದೂವರೆ ಲೀಟರಿನಷ್ಟು ಹೋದ ಮೇಲೆ ಒಮ್ಮೆಲೇ ಕುಸಿಯುತ್ತದೆ. ಹಿಮೋಗ್ಲೋಬಿನ್ ಕೂಡ ಮೊದಲ ಕೆಲವು ಗಂಟೆ ಸರಿಯಾಗಿಯೇ ತೋರಿಸಬಹುದು. ಹಾಗಾಗಿ ರಿಪೋರ್ಟು ಚೆನ್ನಾಗಿದೆ ಅಂತ ಸುಮ್ನೆ ಕೂರಬಾರದು, ಮನುಷ್ಯನ ಮುಖ ನೋಡಬೇಕು.

ಪ್ರೈಮಾಕ್ವಿನ್ ನಿಲ್ಲಿಸಬೇಡಿ. ವೈವ್ಯಾಕ್ಸ್ ಹುಳು ಲಿವರ್‌ನಲ್ಲಿ ಅಡಗಿ ಕೂರುತ್ತದೆ, ತಿಂಗಳುಗಳ ನಂತರ ಮತ್ತೆ ಎದ್ದು ಬರುತ್ತದೆ. ಜ್ವರ ಬಿಡಿಸಿದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಮಾತ್ರ ಕೊಲ್ಲುತ್ತದೆ. ಲಿವರ್‌ನಲ್ಲಿ ಅಡಗಿದ್ದಕ್ಕೆ ಪ್ರೈಮಾಕ್ವಿನ್, 14 ದಿನ, ಒಂದೂ ಬಿಡದೆ. ಜಿ6ಪಿಡಿ ಅನ್ನುವ ರಕ್ತ ಪರೀಕ್ಷೆ ಆಗಿದೆಯಾ ಅಂತ ಒಮ್ಮೆ ಫೈಲ್ ನೋಡಿ. ಆ ಅಂಶ ಕಡಿಮೆ ಇರುವವರಿಗೆ ಈ ಮಾತ್ರೆಯಿಂದ ಕೆಂಪು ಕಣ ಒಡೆಯುತ್ತದೆ. ಮಾತ್ರೆ ತಿನ್ನುವಾಗ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅವತ್ತೇ ಡಾಕ್ಟರನ್ನು ಕಾಣಿ.

ಗುಲ್ಮ ಇಲ್ಲದೆ ಬದುಕಬಹುದು. ಮದುವೆ, ಮಕ್ಕಳು, ಕೆಲಸ ಎಲ್ಲ ಆಗುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಕೆಲವು ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಹಿಡಿದು ತೆಗೆಯುವುದು ಮುಖ್ಯವಾಗಿ ಗುಲ್ಮ. ಅದಿಲ್ಲದವರಿಗೆ ಬೆಳಗ್ಗೆ ಸಣ್ಣ ಜ್ವರ ಅಂತ ಶುರುವಾದದ್ದು ಸಂಜೆಗೆ ಐಸಿಯು ತನಕ ಹೋಗಬಹುದು. ಅದಕ್ಕೇ ಲಸಿಕೆಗಳು: ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್, ಮತ್ತೆ ವರ್ಷಕ್ಕೊಮ್ಮೆ ಫ್ಲೂ. ತುರ್ತು ಆಪರೇಷನ್ ಆದವರಿಗೆ ಸಾಮಾನ್ಯವಾಗಿ 14 ದಿನ ಕಳೆದ ಮೇಲೆ ಕೊಡುತ್ತಾರೆ, ನಿಮಗೆ ಅದು ನಾಡಿದ್ದು. ಕೆಲವಕ್ಕೆ ಮುಂದೆ ಮತ್ತೊಂದು ಡೋಸ್ ಇರುತ್ತದೆ, ತಾರೀಕು ಬರೆಸಿಕೊಂಡು ಬನ್ನಿ. ಜ್ವರ 100.4 ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಮನೆಯಲ್ಲಿಟ್ಟುಕೊಳ್ಳಲು ಒಂದು ಆಂಟಿಬಯಾಟಿಕ್ ಬರೆದು ಕೊಡಿ ಅಂತ ಡಾಕ್ಟರನ್ನೇ ಕೇಳಿ. ಅವರು ಹೇಳಿದ ಡೋಸ್ ಕೊಟ್ಟು ನೇರ ಆಸ್ಪತ್ರೆಗೆ ಹೋಗಬೇಕು. ಪರ್ಸಿನಲ್ಲಿ "ಗುಲ್ಮ ತೆಗೆದಿದೆ" ಅಂತ ಒಂದು ಚೀಟಿ ಇರಲಿ, ಮರಾಠಿಯಲ್ಲೂ ಬರೆಸಿ. ಸೈಟಿನಲ್ಲಿ ಬೀದಿ ನಾಯಿ ಇರುತ್ತವೆ. ಸಣ್ಣ ಕಚ್ಚಿದರೂ ಆ ಗಾಯದಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಬಹುದು, ರೇಬಿಸ್ ಸೂಜಿ ಮಾತ್ರ ಸಾಲದು, ಗುಲ್ಮ ಇಲ್ಲ ಅಂತ ಬಾಯಿಬಿಟ್ಟು ಹೇಳಬೇಕು.

ಊರಿಗೆ ಹೋಗುವುದು ಗಾಯ ಮಾಗಿ, ಲಸಿಕೆ ಮುಗಿದ ಮೇಲೆ. ಕರಾವಳಿಯಲ್ಲೂ ಸೊಳ್ಳೆ ಇದೆ, ಮಂಗಳೂರು ಕಡೆ ಮಲೇರಿಯಾ ಹೊಸದೇನಲ್ಲ. ಗುಲ್ಮ ಇಲ್ಲದವರಿಗೆ ಮಲೇರಿಯಾ ಬಂದರೆ ಮೊದಲಿಗಿಂತ ಜೋರಾಗಬಹುದು. ಪರದೆ ಕಟ್ಟಿಯೇ ಮಲಗಬೇಕು. ಸೈಟಿಗೆ ಮರಳಿದ ಮೇಲೆ ಸ್ಲ್ಯಾಬಿಗೆ ಕ್ಯೂರಿಂಗ್ ಅಂತ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಟ್ಯಾಂಕು ನೋಡಿಕೊಳ್ಳಲಿ. ಮುಂಬೈಯ ಮಲೇರಿಯಾ ಸೊಳ್ಳೆ, ಅನಾಫಿಲಿಸ್ ಸ್ಟೀಫೆನ್ಸಿ, ಮೊಟ್ಟೆ ಇಡುವುದು ಗಟಾರದಲ್ಲಲ್ಲ, ಇಂಥ ತಿಳಿ ನೀರಿನಲ್ಲಿ.


ಮಡಗಾಂವ್‌ನಿಂದ ಹುಬ್ಬಳ್ಳಿ ಹುಡುಗಿ:

ಅಕ್ಕಾರ, ಭುಜ ಅಂತ ಓದಿದ ಕೂಡಲೇ ಮೈ ಝುಂ ಅಂತು. ನನಗೂ ಭುಜವೇ ನೋಯುತ್ತಿತ್ತು. ನನ್ನದು ಗುಲ್ಮ ಅಲ್ಲ, ಗರ್ಭನಾಳ. ಹೆಣ್ಣುಮಕ್ಕಳು ಓದಲಿ ಅಂತ ಬರೆಯುತ್ತಿದ್ದೇನೆ.

ಮದುವೆಯಾಗಿ ಮಡಗಾಂವ್‌ಗೆ ಬಂದು ಎಂಟು ತಿಂಗಳಾಗಿತ್ತು. ಮುಟ್ಟು ಎರಡು ವಾರ ತಡವಾಗಿತ್ತು. ಆಮೇಲೆ ಸ್ವಲ್ಪ ಕಂದು ಕಲೆ ಕಂಡಿತು, ಬಂತು ಬಿಡು ಅಂದುಕೊಂಡೆ. ಮೂರನೇ ದಿನ ರೊಟ್ಟಿ ತಟ್ಟುತ್ತಿದ್ದೆ. ಬಲಗಡೆ ಕಿಬ್ಬೊಟ್ಟೆಯಲ್ಲಿ ಚಾಕು ಹಾಕಿದ ಹಾಗೆ ಒಂದು ನೋವು, ಅರ್ಧ ನಿಮಿಷ. ಹೋಯಿತು. ಹಂಚಿನ ಮೇಲಿನ ರೊಟ್ಟಿ ತಿರುವಿದೆ. ಸ್ವಲ್ಪ ಹೊತ್ತಿಗೆ ಎರಡೂ ಭುಜದ ತುದಿ ನೋಯಲು ಶುರು. ಹಿಟ್ಟು ನಾದಿದ್ದಕ್ಕೆ ಇರಬೇಕು ಅಂತ ಅತ್ತೆ ಮುಲಾಮು ಕೊಟ್ಟರು. ಅಷ್ಟರಲ್ಲಿ ಕಕ್ಕಸಿಗೆ ಹೋಗಬೇಕು ಅನ್ನಿಸಿತು, ಎದ್ದೆ, ಕಣ್ಣು ಕತ್ತಲೆ. ನಮ್ಮ ಕೆಳಮನೆಯ ಅಜ್ಜಿ ಹಿಂದೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ನನ್ನ ಕಣ್ಣಿನ ಒಳರೆಪ್ಪೆ ಎಳೆದು ನೋಡಿ ಕೊಂಕಣಿಯಲ್ಲಿ ನಮ್ಮವರಿಗೆ ಗದರಿಸಿದರು. ಈಗಿಂದೀಗ ಗಾಡಿ ತೆಗೆ ಅಂತ.

ಏಳು ವಾರದ ಗರ್ಭ. ಗರ್ಭಕೋಶದಲ್ಲಿ ಕೂರಬೇಕಾದದ್ದು ನಾಳದಲ್ಲಿ ಕೂತು ಬೆಳೆದು ನಾಳ ಬಿರಿದಿತ್ತು. ಗರ್ಭ ಅಂತ ನನಗೇ ಗೊತ್ತಿರಲಿಲ್ಲ. ಬಲಗಡೆ ನಾಳ ತೆಗೆದರು. ಮೂರು ಬಾಟಲಿ ರಕ್ತ ಕೊಟ್ಟರು. ಎಡಗಡೆ ಒಂದೇ ನಾಳ ಉಳಿದರೂ ಆಮೇಲೆ ನನಗೆ ಮಗಳು ಹುಟ್ಟಿದಳು, ಈಗ ಅಂಗನವಾಡಿಗೆ ಹೋಗುತ್ತಾಳೆ.

ಮುಟ್ಟು ತಪ್ಪಿದೆ, ಅಥವಾ ಏನೋ ಹೆಚ್ಚುಕಮ್ಮಿ ಆಗಿದೆ, ಜೊತೆಗೆ ಕಿಬ್ಬೊಟ್ಟೆ ನೋವು, ಭುಜ ನೋವು, ತಲೆ ತಿರುಗು ಇದ್ದರೆ ನಾಚಿಕೊಳ್ಳಬೇಡಿ. ಮೂತ್ರದ ಸ್ಟ್ರಿಪ್ ಪರೀಕ್ಷೆ ಐದು ನಿಮಿಷದ್ದು. ತಲೆ ತಿರುಗುತ್ತಿದ್ದರೆ ಅದನ್ನೂ ಕಾಯದೆ ಆಸ್ಪತ್ರೆಗೆ ಹೊರಡಿ.


ಪುಣೆ ಕೊಥ್ರೂಡ್:

ನಮ್ಮಪ್ಪನಿಗೆ ಭುಜ ಅಲ್ಲ, ಬೆನ್ನು. ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಅಪ್ಪನಿಗೆ 71. ಬೆಳಗಾವಿ ಕಡೆಯವರು, ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಲವತ್ತು ವರ್ಷ ಬೀಡಿ ಸೇದಿದವರು. ಬಿಪಿ ಇತ್ತು. ಒಂದು ಸಂಜೆ ಎಡ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು. ಕಿಡ್ನಿ ಕಲ್ಲು ಅಂತ ಸೂಜಿ ಹಾಕಿ ಕಳಿಸಿದರು. ಹಿಂದೆ ಅವರಿಗೆ ಕಲ್ಲು ಆಗಿತ್ತು, ಹಾಗಾಗಿ ನಾವೂ ಹೌದು ಅಂದುಕೊಂಡೆವು. ರಾತ್ರಿ ಹನ್ನೊಂದಕ್ಕೆ ನೀರು ಕೇಳಿದರು. ಲೋಟ ಹಿಡಿದುಕೊಂಡೇ ಕುಸಿದರು. ಹೊಟ್ಟೆಯ ದೊಡ್ಡ ರಕ್ತನಾಳ, ಅಯೋರ್ಟಾ, ಬಲೂನಿನ ಹಾಗೆ ಉಬ್ಬಿ ಒಡೆದಿತ್ತು. ಆಪರೇಷನ್ ಥಿಯೇಟರಿನ ಬಾಗಿಲ ತನಕ ಮಾತ್ರ ಬಂದರು.

ಆಲ್ಬರ್ಟ್ ಐನ್‌ಸ್ಟೈನ್ ತೀರಿಕೊಂಡದ್ದೂ ಇದರಿಂದಲೇ, 1955ರ ಏಪ್ರಿಲ್ 18ರಂದು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ ಅವರ ಉಬ್ಬಿದ ನಾಳಕ್ಕೆ ಸೆಲೋಫೇನ್ ಸುತ್ತಿದ್ದರು, ಆಮೇಲೆ ಆರು ವರ್ಷಕ್ಕೂ ಹೆಚ್ಚು ನಡೆಯಿತು. ಈಗ ಅದಕ್ಕಿಂತ ಎಷ್ಟೋ ಒಳ್ಳೆಯ ದಾರಿಗಳಿವೆ, ಮೊದಲೇ ಗೊತ್ತಾದರೆ. ಗೊತ್ತಾಗುವುದಕ್ಕೆ ಬೇಕಾದದ್ದು ಹೊಟ್ಟೆಯ ಒಂದು ಸೋನೋಗ್ರಫಿ. ನಾಳದ ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಉಬ್ಬಿದೆ ಅಂತ ಲೆಕ್ಕ. ಗಂಡಸರಲ್ಲಿ 5.5 ಆದರೆ ಸಾಮಾನ್ಯವಾಗಿ ಆಪರೇಷನ್ ಹೇಳುತ್ತಾರೆ.

ಅಪ್ಪನ ಹದಿಮೂರನೇ ದಿನ ಮುಗಿದ ವಾರದಲ್ಲೇ ಚಿಕ್ಕಪ್ಪನನ್ನು ಕರೆದುಕೊಂಡು ಹೋದೆ. ಅವರಿಗೂ 66, ಅವರೂ ಸೇದುವವರು. 4.1 ಬಂತು. ಅವತ್ತೇ ಬೀಡಿ ಬಿಡಿಸಿದೆವು. ವರ್ಷಕ್ಕೊಮ್ಮೆ ಅಳತೆ ನೋಡುತ್ತಿದ್ದಾರೆ. ನಿಮ್ಮ ಮನೆಯಲ್ಲಿ 65 ದಾಟಿದ, ಸೇದುವ ಅಥವಾ ಹಿಂದೆ ಸೇದುತ್ತಿದ್ದ ಗಂಡಸರಿದ್ದರೆ ಒಮ್ಮೆ ಮಾಡಿಸಿ. ಆ ವಯಸ್ಸಿನಲ್ಲಿ ಕಲ್ಲಿನ ನೋವು ಅಂತ ಬಂದರೆ ನಾಳ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ನಾವು ಕೇಳಲಿಲ್ಲ.

ಅಕ್ಕಾ, ನಿಮ್ಮ ತಮ್ಮ ಓಡಾಡುತ್ತಿದ್ದಾನೆ ಅಂತ ಓದಿ ಸಂತೋಷ ಆಯಿತು.


ಕಳವಾ ಅಮ್ಮ:

ಸಿಸ್ಟರ್, ನನ್ನ ಮಗನಿಗೆ 19, ಈಗ ಮಲೇರಿಯಾ, ಇವತ್ತು ನಾಲ್ಕನೇ ದಿನ. ಇದನ್ನು ಓದಿ ಕೈಕಾಲು ನಡುಗುತ್ತಿದೆ. ಸೋನೋಗ್ರಫಿ ಮಾಡಿಸಲೇಬೇಕಾ?


ವಾಶಿ ಸಿಸ್ಟರ್:

ಹೆದರಬೇಡಿ ಅಮ್ಮಾ. ಮಲೇರಿಯಾದಲ್ಲಿ ಗುಲ್ಮ ಊದುವುದು ಸಾಮಾನ್ಯ, ಒಡೆಯುವುದು ಅಪರೂಪ. ಎಲ್ಲರಿಗೂ ಸೋನೋಗ್ರಫಿ ಬೇಕಾಗಿಲ್ಲ. ನಾಳೆ ಡಾಕ್ಟರ ಹತ್ತಿರ ಹೋದಾಗ "ಹೊಟ್ಟೆ ಮುಟ್ಟಿ ನೋಡಿ, ಗುಲ್ಮ ಎಷ್ಟಿದೆ ಹೇಳಿ" ಅಂತ ಕೇಳಿ. ಎಡಗಡೆ ನೋವು ಇದ್ದರೆ ಅವರೇ ಸೋನೋಗ್ರಫಿ ಬರೆಯುತ್ತಾರೆ.

ಹುಡುಗ ಜ್ವರ ಬಿಟ್ಟ ಮರುದಿನವೇ ಕ್ರಿಕೆಟ್, ಜಿಮ್ ಅಂತ ಓಡದಂತೆ ನೋಡಿಕೊಳ್ಳಿ. ಕೆಲವು ವಾರ ಭಾರ ಎತ್ತುವುದು, ಬೈಕಿನಲ್ಲಿ ಗುಂಡಿ ಹಾರಿಸುವುದು ಬೇಡ. ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕುವುದು, ಒತ್ತುವುದು ಬೇಡವೇ ಬೇಡ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಗುಳಿಗೆ ಮೆಡಿಕಲ್‌ನಿಂದ ನೀವೇ ತಂದು ಕೊಡಬೇಡಿ, ಪ್ಲೇಟ್‌ಲೆಟ್ ಕಡಿಮೆ ಇರುವಾಗ ರಕ್ತ ಸೋರುವುದು ಜಾಸ್ತಿಯಾಗುತ್ತದೆ. ಎಡ ಪಕ್ಕೆಲುಬಿನ ಕೆಳಗೆ ನೋವು, ಕಾರಣವಿಲ್ಲದ ಎಡ ಭುಜ ನೋವು, ತಣ್ಣನೆ ಬೆವರು, ಎದ್ದರೆ ಕಣ್ಣು ಕತ್ತಲೆ, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎಷ್ಟೇ ಆಗಿರಲಿ, ಸರ್ಜನ್ ಮತ್ತು ರಕ್ತ ಎರಡೂ ಇರುವ ಆಸ್ಪತ್ರೆಗೇ ನೇರ ಹೋಗಿ. ಇಂಥ ಆಸ್ಪತ್ರೆ ನಿಮಗೆ ಹತ್ತಿರ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.


ಡೊಂಬಿವಲಿ ಅಕ್ಕ:

ಎಲ್ಲರಿಗೂ ಕೈ ಮುಗಿದು ನಮಸ್ಕಾರ. ಸಿಸ್ಟರ್, ನೀವು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. ಅವನು ಎಡಗೈ ಮೇಲೆತ್ತಿ ತೋರಿಸಿ "ಅಕ್ಕಾ, ಅವತ್ತೂ ಹೀಗೇ ಎತ್ತಿದ್ದೆ, ನೀನೇ ನೋಡಿದೆಯಲ್ಲ" ಅಂದ. ಆಮೇಲೆ ಇಬ್ಬರೂ ಅತ್ತೆವು. ಅವತ್ತು ರಾತ್ರಿ ಐದು ಗಂಟೆ ನಿದ್ದೆ ಮಾಡಿದೆ.

ಕೊಥ್ರೂಡ್ ಅಣ್ಣಾ, ನಿಮ್ಮ ತಂದೆಯ ವಿಷಯ ಓದಿ ತುಂಬ ನೋವಾಯಿತು. ನಮ್ಮ ಮಾವನವರಿಗೆ 69, ಅವರೂ ಸೇದುತ್ತಿದ್ದವರು. ಗಣೇಶ ಚೌತಿಗೆ ಇಲ್ಲಿಗೆ ಬಂದಾಗ ಸೋನೋಗ್ರಫಿ ಮಾಡಿಸುವುದು ಅಂತ ನಮ್ಮ ಯಜಮಾನರು ಬರೆದಿಟ್ಟುಕೊಂಡಿದ್ದಾರೆ.

ಇವತ್ತು 14ನೇ ದಿನ ಮುಗಿಯಿತು. ಫೈಲ್ ನೋಡಿದೆ, ಜಿ6ಪಿಡಿ ಆಗಿದೆ, ಸರಿಯಿದೆ. ಪ್ರೈಮಾಕ್ವಿನ್ ಇನ್ನು ಐದು ಉಳಿದಿವೆ, ಲೆಕ್ಕ ಹಾಕಿ ಡಬ್ಬಿಗೆ ಹಾಕಿದ್ದೇನೆ. ಅಮ್ಮನಿಗೂ ಲಿವರ್‌ನಲ್ಲಿ ಅಡಗುವ ಹುಳುವಿನ ವಿಷಯ ಹೇಳಿದೆ, ಈಗ ಪ್ಲೇಟ್‌ಲೆಟ್ ಬದಲು ಮಾತ್ರೆ ತಿಂದನಾ ಅಂತ ಕೇಳುತ್ತಾರೆ. ಚೀಟಿ ಮರಾಠಿ, ಕನ್ನಡ ಎರಡರಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿದೆ. "ಪಾಣಥರೀ ಕಾಢಲೇಲೀ ಆಹೆ" ಅಂತ ಮೇಲೆ, ಕೆಳಗೆ "ಗುಲ್ಮ ತೆಗೆದಿದೆ". ಒಂದು ಅವನ ಪರ್ಸಿನಲ್ಲಿ, ಒಂದು ಫ್ರಿಜ್ಜಿನ ಬಾಗಿಲ ಮೇಲೆ.

ನಾಳೆ ಬೆಳಗ್ಗೆ ಹತ್ತಕ್ಕೆ ಲಸಿಕೆ. ಈಗ ಗಂಜಿ ಕುಡಿಯುತ್ತಿದ್ದಾನೆ. ಎರಡನೇ ಬಟ್ಟಲು.